ಮೂರಡಿ, ನಾಲ್ಕೂ ಕಡೆ

ಎಲ್ಲದಕ್ಕೂ ಮೂಲ ಬೀನ್ಸ್ ಬಳ್ಳಿ.

ಜೂನ್ ತಿಂಗಳಲ್ಲಿ ಮರ್ಲ್ ಹಾಕನ್‌ಬೆರಿಯ ಹಿತ್ತಲಿನ ಬೀನ್ಸ್ ಬಳ್ಳಿಗಳು ಹಬ್ಬಲು ಆಸರೆ ಸಿಗದೆ ನೆಲದ ಮೇಲೆ ಹೊರಳಾಡುತ್ತಿದ್ದವು. ಅದೇ ಹೊತ್ತಿಗೆ ಮನೆಯ ಮುಂದೆ, ಬೀದಿಯಂಚಿನ ಹೈಡ್ರಂಟಿನ ತಲೆಗೆ ಸಿಕ್ಕಿಸಿದ್ದ ಐದಡಿಯ ಕೋಲೊಂದು ಕೆಂಪು ಬಾವುಟ ಹಿಡಿದುಕೊಂಡು ಏನೂ ಕೆಲಸವಿಲ್ಲದೆ ನಿಂತಿತ್ತು. ಬೆಂಕಿ ಬಿದ್ದಾಗ ಪೈಪು ಜೋಡಿಸುವ ಆ ಗಿಡ್ಡ ಕೆಂಪು ನಲ್ಲಿಕಂಬ ಚಳಿಗಾಲದ ಹಿಮದಲ್ಲಿ ಹೂತುಹೋದರೂ ಜಾಗ ಗೊತ್ತಾಗಲಿ ಎಂದು ಊರಿನ ಬೆಂಕಿ ಆರಿಸುವ ದಳವಾದ ಫೈರ್ ಕಂಪನಿಯವರು ಹಾಕಿದ್ದ ಕೋಲು ಅದು. ಜೂನ್‌ನಲ್ಲಿ ಹಿಮವೆಲ್ಲಿ ಬಂತು? ಮರ್ಲ್ ಆಚೀಚೆ ನೋಡಿ ಎರಡು ನಟ್ಟು ಬಿಚ್ಚಿದ. ಕೋಲನ್ನು ಪ್ಯಾಂಟಿನ ಕಾಲಿನಿಂದ ಅಂಗಿಯ ಕಾಲರಿನವರೆಗೆ ತೂರಿಸಿಕೊಂಡು, ಎಲ್ಲಿಯೂ ಬಗ್ಗಲಾಗದೆ, ಮದುವೆಯ ಫೋಟೋಗೆ ನಿಂತವನ ಹಾಗೆ ಸೆಟೆದುಕೊಂಡು ಹಿತ್ತಲಿಗೆ ನಡೆದ.

ಸೆಪ್ಟೆಂಬರಿನಲ್ಲಿ ವಾಪಸು ಹಾಕಿದರಾಯಿತು ಎಂದುಕೊಂಡಿದ್ದ. ಆದರೆ ಮನಸ್ಸಿನಲ್ಲಿ ಅಳುಕು ಹುಟ್ಟಿದ ಮೇಲೆ ಆ ಕಡೆ ನೋಡುವುದೇ ಕಷ್ಟವಾಯಿತು. ಜಗಳವಾದ ನೆಂಟನನ್ನು ಸಂತೆಯಲ್ಲಿ ಕಂಡೂ ಕಾಣದಂತೆ ದಾಟುವವನ ಹಾಗೆ, ಹೈಡ್ರಂಟಿನ ಮುಂದೆ ಹೋಗುವಾಗಲೆಲ್ಲ ಮರ್ಲ್ ಆಕಾಶ ನೋಡುತ್ತಿದ್ದ. ಸೆಪ್ಟೆಂಬರ್ ಹೋಯಿತು, ಡಿಸೆಂಬರೂ ಹೋಯಿತು. ಜನವರಿಯ ಒಂದು ಶನಿವಾರ ಬೆಳಗಾಗುವಷ್ಟರಲ್ಲಿ ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವಿನ ಟ್ರೌಟ್‌ಮನ್ಸ್ ಗ್ಯಾಪ್ ಎಂಬ ಆ ಊರಿನ ಮೇಲೆ ಎರಡೂವರೆ ಅಡಿ ಹಿಮ ಬಿದ್ದಿತ್ತು.

ಏಳು ಗಂಟೆಗೆ ಫೋನ್ ಬಂತು. ಡ್ವೇನ್ ಲೆಷರ್. ಮರ್ಲ್‌ನ ಜೊತೆಗೆ ಓದಿದವನು, ಊರಿನ ಪ್ಲಂಬರ್. ಸಿಂಕು ಕಟ್ಟಿಕೊಂಡಾಗ ಅವನು ಡ್ವೇನ್; ತಲೆಗೆ ಬಿಳಿ ಹೆಲ್ಮೆಟ್ ಬಂದ ಕೂಡಲೇ ಫೈರ್ ಕಂಪನಿಯ ಚೀಫ್. ಇವತ್ತಿನ ದನಿಯಲ್ಲಿ ಹೆಲ್ಮೆಟ್ ಇತ್ತು.

"ಮರ್ಲ್, ನಿನ್ನ ಮನೆ ಮುಂದಿನ ಹೈಡ್ರಂಟ್ ಹೇಗಿದೆ ಅಂತ ಒಂದ್ಸಲ ನೋಡು. ಎರಡು ಗಂಟೆಗೆ ಆ ಕಡೆ ಬರ್ತೀನಿ. ಇದ್ದದ್ದು ಇದ್ದ ಹಾಗೆ ಹೇಳು, ಅಷ್ಟೇ."

"ಮೂರಡಿ, ನಾಲ್ಕೂ ಕಡೆ! ಹಿಮ ಬಿಡಿಸಿ, ಒರೆಸಿ ಇಟ್ಟಿರ್ತೀನಿ ಚೀಫ್!"

ಹೈಡ್ರಂಟಿನ ಸುತ್ತ ಅಷ್ಟು ಜಾಗ ಹಿಮವಿಲ್ಲದೆ ಇರಬೇಕೆಂಬುದು ಕಂಪನಿಯ ನಿಯಮ. "ಮೊದಲು ನೋಡು," ಎಂದು ಚೀಫ್ ಫೋನ್ ಇಟ್ಟ.

ಮೂರು ಗಂಟೆಗೆ ಫೈರ್ ಹಾಲ್‌ನಲ್ಲಿ, ಹ್ಯಾಮ್ ಮತ್ತು ಬೀನ್ಸ್ ಸೂಪಿನ ಊಟವಾದ ಮೇಲೆ, ಮರ್ಲ್‌ನನ್ನು ಕಂಪನಿಗೆ ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಮತ ಹಾಕುವುದಿತ್ತು. ಸಂಬಳವಿಲ್ಲದ ಕೆಲಸ ಅದು. ಆದರೂ ಊರಿನ ಗಂಡಸರೆಲ್ಲ ಅಲ್ಲಿದ್ದರು. ಹಾಲ್‌ನ ಮಾಡಿನ ಮೇಲಿನ ಸೈರನ್ ಕೂಗಿತೆಂದರೆ ಬ್ಯಾಂಕಿನವನು ಪೆನ್ನು ಬಿಟ್ಟು ಓಡುತ್ತಿದ್ದ, ಕ್ಷೌರದಂಗಡಿಯ ಹರ್ಬ್ ಕತ್ತರಿ ಬಿಟ್ಟು ಓಡುತ್ತಿದ್ದ, ಅರ್ಧ ಕತ್ತರಿಸಿದ ತಲೆಯ ಗಿರಾಕಿಯೂ ಅವನ ಹಿಂದೆಯೇ ಓಡುತ್ತಿದ್ದ. ಖಾಲಿ ಅಂಗಡಿಯಲ್ಲಿ ತನ್ನ ಸರದಿ ಕಾಯುತ್ತ ಕೂತಿರುತ್ತಿದ್ದವನು ಮರ್ಲ್ ಒಬ್ಬನೇ. ಹಾಲ್‌ನ ಗೋಡೆಯ ಮೇಲೆ ಮೂರು ಮೊಳೆಗಳಿದ್ದವು. ಒಂದರಲ್ಲಿ ಅವನ ತಾತನ ಹೆಲ್ಮೆಟ್, ಇನ್ನೊಂದರಲ್ಲಿ ಅಪ್ಪನ ಹೆಲ್ಮೆಟ್. ಮೂರನೆಯದು ಖಾಲಿ.

ಮತವೆಂದರೆ ಮರದ ಪೆಟ್ಟಿಗೆಯೊಳಗೆ ಗೋಲಿ ಹಾಕುವುದು. ಒಪ್ಪಿಗೆಗೆ ಬಿಳಿ, ಬೇಡವೆಂದರೆ ಕರಿ. ಒಂದೇ ಒಂದು ಕರಿ ಗೋಲಿ ಬಿದ್ದರೂ ಆ ವರ್ಷ ಮುಗಿಯಿತು. ಎರಡು ವರ್ಷದ ಹಿಂದೆ ಒಂದು ಬಿದ್ದಿತ್ತು. ಹೋದ ವರ್ಷ ಎಲ್ಲರನ್ನೂ ಮೆಚ್ಚಿಸಬೇಕೆಂದು ಜನವರಿಯ ಚಳಿಯಲ್ಲಿ ಮರ್ಲ್ ಬೆಂಕಿ ಎಂಜಿನನ್ನು ಹೊರಗೆ ನಿಲ್ಲಿಸಿ ಸೋಪು ಹಾಕಿ ತೊಳೆದ. ಹತ್ತು ನಿಮಿಷದಲ್ಲಿ ಸೈರನ್ ಕೂಗಿತು. ಬಾಗಿಲುಗಳು ಹೆಪ್ಪುಗಟ್ಟಿ ಒಂದೂ ತೆರೆಯಲಿಲ್ಲ. ಒಲೆಯ ಮೇಲೆ ಸೀದ ಬ್ರೆಡ್ಡಿನ ಹೊಗೆಯಾಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ, ಮರ್ಲ್‌ಗೆ ಮಾತ್ರ ಹತ್ತೊಂಬತ್ತು ಸದಸ್ಯರಿಂದ ಹತ್ತೊಂಬತ್ತು ಕರಿ ಗೋಲಿ ಬಿದ್ದವು.

ಈ ಸಲ ತಪ್ಪಾಗಬಾರದು. ಸಲಿಕೆ ಹಿಡಿದು ಹೊರಗೆ ಬಂದ.

ಬೀದಿಯಂಚಿನಲ್ಲಿ ಹಿಮ ತಳ್ಳುವ ಲಾರಿ ಅವನ ಭುಜದೆತ್ತರಕ್ಕೆ ಬಿಳಿ ಗೋಡೆ ಎಬ್ಬಿಸಿಹೋಗಿತ್ತು. ಈ ಗೋಡೆಯ ಒಳಗೆ ಎಲ್ಲೋ ಮೊಣಕಾಲೆತ್ತರದ ಹೈಡ್ರಂಟ್. ಎಲ್ಲಿ? ಮರ್ಲ್ ಕಣ್ಣು ಮುಚ್ಚಿ ನೆನಪಿಸಿಕೊಂಡ. ಆರು ತಿಂಗಳಿಂದ ನೋಡಿದ್ದೆಲ್ಲ ಆಕಾಶ. ನೆನಪಿಗೆ ಮೋಡಗಳು ಮಾತ್ರ ಬಂದವು.

"ಮರ್ಲ್!" ಹೆಂಡತಿ ಲುಯೆಲಾ ಜಗಲಿಗೆ ಬಂದಳು. ಒಂದು ಕೈಯಲ್ಲಿ ಫೈರ್ ಕಂಪನಿ ಹಂಚಿದ್ದ ಚಳಿಗಾಲದ ಸುರಕ್ಷತೆಯ ಚೀಟಿ, ಇನ್ನೊಂದರಲ್ಲಿ ಅಡುಗೆಮನೆಯ ಗಂಟೆಗಡಿಯಾರ. "ಹದಿನೈದು ನಿಮಿಷಕ್ಕೊಂದ್ಸಲ ಕೂತ್ಕೋಬೇಕಂತೆ. ಐವತ್ತು ದಾಟಿದೋರು ಎದೆ ಹಿಡ್ಕೊಂಡು ಬೀಳೋದೇ ಹಿಮ ಎತ್ತುವಾಗಂತೆ. ಇಲ್ಲೇ ಬರೆದಿದೆ."

"ಆಯ್ತು ಕಣೆ, ಒಳಗೆ ಹೋಗು."

ಮೇಪಲ್ ಮರದ ಎದುರಿಗೆ ಅಗೆಯತೊಡಗಿದ. ಗಡಿಯಾರ ಕಿರ್ರೆಂದಾಗಲೆಲ್ಲ ಲುಯೆಲಾ ಹೊರಬಂದು ನಿಲ್ಲುತ್ತಿದ್ದಳು, ಮರ್ಲ್ ಕೂರುತ್ತಿದ್ದ, ಅವಳು ಒಳಗೆ ಹೋದೊಡನೆ ಏಳುತ್ತಿದ್ದ. ಒಂಬತ್ತೂವರೆಗೆ ನೆಲ ಕಂಡಿತು. ಹೈಡ್ರಂಟ್ ಕಾಣಲಿಲ್ಲ.

ಎಡಗಡೆಯ ಮನೆಯ ಜಗಲಿಯಿಂದ ವರ್ನಾ ಸೈಪ್ ಕೆಮ್ಮಿದಳು. ಎಂಬತ್ತೆರಡರ ಆ ಮುದುಕಿಯ ಕಿಟಕಿಯಿಂದ ಬೀದಿಯಲ್ಲಿ ಏನೂ ತಪ್ಪಿಸಿಕೊಂಡದ್ದಿಲ್ಲ ಎಂದು ಊರು ನಂಬಿತ್ತು; ಅವಳಂತೂ ನಂಬಿದ್ದಳು.

"ಏನಪ್ಪಾ ಹುಡುಕ್ತಾ ಇದ್ದೀಯ?"

"ಹೈಡ್ರಂಟ್, ವರ್ನಾ ಅಮ್ಮ."

"ಅಯ್ಯೋ, ಅಲ್ಲಿ ಅಗೆದ್ರೆ ಎಲ್ಲಿಂದ ಸಿಗತ್ತೆ? ನನ್ನ ಅಡುಗೆಮನೆ ಕಿಟಕಿಗೆ ನೆಟ್ಟಗಿದೆ ಅದು. ನಲವತ್ತು ವರ್ಷದಿಂದ ಕಾಫಿ ಕುಡೀತಾ ಅದನ್ನೇ ನೋಡ್ತೀನಿ. ನಿನ್ನೆ ಕೂಡ ನೋಡ್ದೆ."

"ನಿನ್ನೆ ನೋಡಿದ್ರಾ?"

"ನನಗೇನು ಅರಳು ಮರಳಾ? ಎಡಕ್ಕೆ ಹತ್ತು ಹೆಜ್ಜೆ ಬಾ."

ಮರ್ಲ್ ಎಡಕ್ಕೆ ಹತ್ತು ಹೆಜ್ಜೆ ಹೋಗಿ ಮತ್ತೆ ಅಗೆಯತೊಡಗಿದ. ಹನ್ನೊಂದಕ್ಕೆ ಅಲ್ಲಿಯೂ ನೆಲ ಕಂಡಿತು. ಬೆನ್ನು ನೆಟ್ಟಗೆ ಮಾಡಿ ತಿರುಗಿ ನೋಡಿದರೆ, ಮೊದಲ ಗುಂಡಿಯ ನಡುವೆ ಸಮುದ್ರತೀರದಲ್ಲಿ ಬಿಚ್ಚುವಂಥ ಪಟ್ಟೆಪಟ್ಟೆ ಬಟ್ಟೆಯ ಕುರ್ಚಿಯೊಂದು ಕೂತಿತ್ತು. ಪಕ್ಕದಲ್ಲಿ ಬಲಗಡೆ ಮನೆಯ ಬ್ಯಾರಿ ಜೂಕ್ ನಾಯಿಯ ಹಗ್ಗ ಹಿಡಿದು ನಿಂತಿದ್ದ.

"ಲೋ ಬ್ಯಾರಿ! ಏನೋ ಅದು?"

"ನಿನಗೆ ಬೇಕಾಗಿರೋದು ಸಿಗಲಿಲ್ವಲ್ಲ. ಜಾಗ ಯಾಕೆ ದಂಡ ಮಾಡೋದು ಅಂತ ಕುರ್ಚಿ ಇಟ್ಟೆ."

ಆ ಊರಿನಲ್ಲಿ ಅದರ ಮೇಲೆ ಮಾತಿಲ್ಲ. ಹಿಮ ಬಾಚಿದ ಜಾಗದಲ್ಲಿ ಕುರ್ಚಿ ಇಟ್ಟರೆ ಹಿಮ ಕರಗುವವರೆಗೂ ಅಲ್ಲಿ ನಿಲ್ಲುವುದು ಕುರ್ಚಿಯವನ ಕಾರು. ಬಾಚಿದವನೇ ಇಡಬೇಕೆಂಬುದು ನಿಯಮದ ಮೊದಲ ಭಾಗ. ಇಟ್ಟ ಕುರ್ಚಿಯನ್ನು ಯಾರೂ ಸರಿಸಬಾರದೆಂಬುದು ಎರಡನೆಯದು. ಜನ ಎರಡನೆಯದನ್ನು ಮಾತ್ರ ನೆನಪಿಟ್ಟಿದ್ದರು. ಬ್ಯಾಂಕಿಗೆ ಕನ್ನ ಹಾಕಿದವನಿಗೆ ಊರು ಊಟ ಹಾಕೀತು, ಕುರ್ಚಿ ಸರಿಸಿದವನಿಗೆ ಲೋಟ ನೀರು ಕೊಡದು.

ಮರ್ಲ್ ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಎರಡನೆಯ ಗುಂಡಿಗೆ ವರ್ನಾ ತನ್ನ ಊಟದ ಮನೆಯ ಕುರ್ಚಿಯನ್ನು ದಿಂಬಿನ ಸಮೇತ ಇಳಿಸುತ್ತಿದ್ದಳು. "ನನ್ನ ಬ್ಯೂಕ್ ಕಾರು ನಿಲ್ಲಿಸೋಕೆ ಅಳತೆ ಮಾಡ್ದಂಗಿದೆ ಕಣಪ್ಪ," ಎಂದಳು, ಕೃತಜ್ಞತೆಯಿಂದ.

"ಹೈಡ್ರಂಟ್ ಎಲ್ರೀ ಹಾಗಾದ್ರೆ?" ಮರ್ಲ್‌ನ ದನಿ ಅಳುವಂತಾಗಿತ್ತು.

"ಅವರಿವರನ್ನ ಕೇಳಿದ್ರೆ ಹಿಂಗೇ," ಬ್ಯಾರಿ ನಾಯಿಯ ಬೆನ್ನು ತಟ್ಟಿದ. "ಡೀಕನ್‌ನ ಕೇಳು. ದಿನಾ ಬೆಳಗ್ಗೆ ಅದರ ಮೇಲೇ ಕಾಲೆತ್ತೋದು. ಇವನಿಗಿಂತ ಸಾಕ್ಷಿ ಬೇಕಾ? ಹೋಗು ಮಗನೆ, ತೋರಿಸು."

ಡೀಕನ್ ಹಿಮದ ಗೋಡೆಯನ್ನು ಮೂಸಿ ನೋಡಲೂ ಇಲ್ಲ. ನೇರವಾಗಿ ಬ್ಯಾರಿಯ ಕಾರಿನ ಬಳಿ ಹೋಗಿ ಹಿಂದಿನ ಚಕ್ರಕ್ಕೆ ಕಾಲೆತ್ತಿತು. ಎಳೆದು ತಂದರು, ಮತ್ತೆ ಹೋಗಿ ಅದೇ ಚಕ್ರಕ್ಕೆ ಎತ್ತಿತು.

"ನೆಗಡಿ ಆಗಿದೆ ಇವನಿಗೆ," ಎಂದ ಬ್ಯಾರಿ. "ಮೂಗು ಕಟ್ಟಿದೆ, ಪಾಪ. ನನಗೇ ಗೊತ್ತು ಬಿಡು, ನಿನ್ನ ಅಂಚೆ ಡಬ್ಬಿ ಪಕ್ಕದಲ್ಲಿ."

ಮೂರನೆಯ ಸಲ ಮರ್ಲ್ ಅಂಚೆ ಡಬ್ಬಿಯ ಪಕ್ಕ ಶುರುಮಾಡಿದ. ತೋಳುಗಳು ಬೆಂದ ನೂಡಲ್ಸಿನಂತೆ ಜೋಲುತ್ತಿದ್ದವು. ಕಿರ್ರೆಂದ ಗಡಿಯಾರಕ್ಕೆ ಅವನು ಈಗ ನಿಜವಾಗಿಯೂ ಕೂರುತ್ತಿದ್ದ. ಒಂದು ಗಂಟೆ ದಾಟಿತ್ತು, ಸಲಿಕೆ ಟಣ್ಣೆಂದು ಯಾವುದಕ್ಕೋ ಬಡಿಯಿತು.

"ಸಿಕ್ತು!" ಬ್ಯಾರಿ ಕೂಗಿದ. ನಾಯಿ ಬೊಗಳಿತು. ಲುಯೆಲಾ ಓಡಿಬಂದಳು. ಮರ್ಲ್ ಮಂಡಿಯೂರಿ ಎರಡೂ ಕೈಯಲ್ಲಿ ಹಿಮ ಕೆರೆದ. ಮೊದಲು ಒಂದು ಕೊಕ್ಕು ಬಂತು. ಆಮೇಲೆ ಒಂದು ಕಣ್ಣು.

"ನನ್ನ ಹೆಬ್ಬಾತು!" ವರ್ನಾ ಚೀರಿದಳು.

ಅದು ಅವಳ ಜಗಲಿಯ ಸಿಮೆಂಟಿನ ಹೆಬ್ಬಾತು. ಅದಕ್ಕೆ ಹಬ್ಬಕ್ಕೊಂದು, ಮಳೆಗೊಂದು, ಫುಟ್‌ಬಾಲ್ ಪಂದ್ಯಕ್ಕೊಂದು ಎಂದು ಅವಳೇ ಹೊಲಿದ ಬಟ್ಟೆಗಳಿದ್ದವು. ನವೆಂಬರಿನ ಮೊದಲ ಹಿಮ ಬಿದ್ದ ದಿನ ಅದನ್ನು ಬಿಸಿಲಿಗೆಂದು ಬೀದಿಯಂಚಿನಲ್ಲಿಟ್ಟಿದ್ದಳು. ಲಾರಿ ಬಂದು ಹೋದ ಮೇಲೆ ಅದು ಕಾಣೆಯಾಗಿತ್ತು. ಆಮೇಲೆ ಎರಡು ತಿಂಗಳು ಅವಳು ಊರಿನವರನ್ನೆಲ್ಲ ಅನುಮಾನದಿಂದ ನೋಡಿದ್ದಳು.

"ನಿನ್ನ ಮನೆ ಮುಂದೆ ಹೂತಿಟ್ಟಿದ್ದೀಯಲ್ಲೋ ಮರ್ಲ್! ನಿಮ್ಮಪ್ಪ ಎಂಥ ಮನುಷ್ಯ!"

"ನಾನ್ಯಾಕೆ ಹೂತಿಡಲಿ ವರ್ನಾ ಅಮ್ಮ? ಲಾರಿ ತಳ್ಳಿರಬೇಕು..."

"ಮೈಮೇಲೆ ಒಂದು ನೂಲಿಲ್ಲ! ಎರಡು ತಿಂಗಳಿಂದ ಬತ್ತಲೆ ನಿಂತಿದೆ ಪಾಪ, ಈ ಚಳಿಯಲ್ಲಿ!"

ಎತ್ತಿಕೊಡೋಣವೆಂದರೆ ಹೆಬ್ಬಾತು ನೆಲಕ್ಕೆ ಹೆಪ್ಪುಗಟ್ಟಿ ಕಚ್ಚಿಕೊಂಡಿತ್ತು. ಮೂವರು ಸೇರಿ ಎಳೆದರೂ ಕದಲಲಿಲ್ಲ. ವರ್ನಾ ಒಳಗೆ ಹೋಗಿ ಕೈಗೆ ಸಿಕ್ಕ ಬಟ್ಟೆ ತಂದು ಗುಂಡಿಯಲ್ಲೇ ತೊಡಿಸಿದಳು. ಬೇಸಿಗೆಯಲ್ಲಿ ಫೈರ್ ಕಂಪನಿಯ ಮೆರವಣಿಗೆಗೆ ಹೊಲಿದಿದ್ದ ಕಡುಕೆಂಪು ಕೋಟು, ಕೆಂಪು ಟೋಪಿ. ಟೋಪಿಯನ್ನು ಕೊಕ್ಕಿನವರೆಗೆ ಎಳೆದು ಗಂಟು ಬಿಗಿದಳು.

ಆಗಲೇ ಬೀದಿಯ ತುದಿಯಲ್ಲಿ ಚೀಫ್‌ನ ಟ್ರಕ್ ತಿರುಗಿತು. ಎರಡು ಗಂಟೆ.

ಮರ್ಲ್ ಒಮ್ಮೆ ಟ್ರಕ್ ನೋಡಿದ, ಒಮ್ಮೆ ಗುಂಡಿ ನೋಡಿದ. ಗುಂಡಿಯ ನಡುವೆ ಮೊಣಕಾಲೆತ್ತರದ್ದು, ಕೆಂಪನೆಯದು, ದುಂಡು ಭುಜದ್ದು ಏನೋ ನಿಂತಿತ್ತು. ಸುತ್ತ ಮೂರಡಿ, ನಾಲ್ಕೂ ಕಡೆ. ಅವನ ತಲೆಯಲ್ಲಿ ಹುಟ್ಟಬಾರದ ಯೋಚನೆ ಹುಟ್ಟಿತು. ನಿಜವಾದ ಹೈಡ್ರಂಟ್ ಇಲ್ಲೇ ಎಲ್ಲೋ ಇದೆ, ಮತ ಮುಗಿದ ಕೂಡಲೇ ಬಂದು ಅಗೆದುಬಿಡುತ್ತೇನೆ, ಒಂದು ಗಂಟೆಯ ಮಾತು ತಾನೇ.

ಚೀಫ್ ಕಿಟಕಿಯನ್ನು ನಾಲ್ಕು ಬೆರಳು ಇಳಿಸಿದ. ಒಳಗಿನ ಬಿಸಿಗೆ ಅವನ ಕನ್ನಡಕವೆಲ್ಲ ಮಂಜು. "ಏನಪ್ಪಾ, ಹೇಗಿದೆ?"

ಮರ್ಲ್ ಕೈ ತೋರಿಸಿದ. "ಅದೋ, ಅಲ್ಲಿದೆ ನೋಡಿ ಚೀಫ್."

ಚೀಫ್ ಬಹಳ ಹೊತ್ತು ನೋಡಿದ. "ಅದೇನಾ?"

"ಅದೇ."

"ಚೆನ್ನಾಗಿದೆಯಾ? ನೀರು ಬರತ್ತಾ?"

"ಬ... ಬರತ್ತೆ ಚೀಫ್."

ಲುಯೆಲಾ ಏನೋ ಹೇಳಹೋದಳು. ಮರ್ಲ್ ಅವಳ ಕಾಲು ತುಳಿದ. ಚೀಫ್ ಕಿಟಕಿಯಿಂದ ಒಂದು ಫೋಟೋ ಹೊಡೆದು, ಒಂದು ಕಾಗದ ಹೊರಗೆ ಚಾಚಿದ. ನೋಡಿದ್ದೇನೆ, ಸರಿಯಾಗಿದೆ ಎಂಬ ಸಾಲಿನ ಕೆಳಗೆ ಮರ್ಲ್ ಸಹಿ ಹಾಕಿದ. "ಸಾಕ್ಷಿ ಯಾರಾದರೂ?" ಎಂದಾಗ, ಕುರ್ಚಿಯ ಋಣಕ್ಕೆ ಬ್ಯಾರಿಯೂ ಹಾಕಿದ. ವರ್ನಾ ಮಾತ್ರ, "ಕೆಂಪಗಿರೋದು ಒಂದು ಅಲ್ಲಿದೆ ಅಂತ ಬರೀತೀನಿ. ಈ ವಯಸ್ಸಲ್ಲಿ ಸುಳ್ಳು ಬೇಡ," ಎಂದು ಹಾಗೆಯೇ ಬರೆದಳು.

ಮೂರು ಗಂಟೆಗೆ ಫೈರ್ ಹಾಲ್‌ನಲ್ಲಿ ಸೂಪಿನ ಹಬೆ ತುಂಬಿತ್ತು. ಲುಯೆಲಾ ತಾನು ಮಾಡಿ ತಂದ ಸೂಪು ಬಡಿಸುತ್ತಿದ್ದಳು, ವರ್ನಾ ಕೂಡ ಊಟಕ್ಕೆ ಬಂದಿದ್ದಳು. ಬಟ್ಟಲುಗಳ ಪಕ್ಕದ ಮೇಜಿನ ಮೇಲೆ ಮರದ ಪೆಟ್ಟಿಗೆ. ಸದಸ್ಯರು ಒಬ್ಬೊಬ್ಬರಾಗಿ ಎದ್ದು ಹೋಗಿ ಗೋಲಿ ಹಾಕುವ ಮೊದಲು ಚೀಫ್ ಎದ್ದು ನಿಂತ. ಬಿಳಿ ಹೆಲ್ಮೆಟ್ ಹಾಕಿದ್ದ.

"ಮರ್ಲ್ ಹಾಕನ್‌ಬೆರಿ ಇವತ್ತು ಬೆಳಗಿನಿಂದ ಒಂದು ಹೈಡ್ರಂಟ್ ಬಿಡಿಸಿದ್ದಾನೆ. ಎಲ್ಲರೂ ನೋಡಿ."

ಗೋಡೆಯ ಮೇಲೆ ಫೋಟೋ ಮೂಡಿತು. ಗೋಡೆಯ ಅರ್ಧದಷ್ಟು ದೊಡ್ಡದಾಗಿ. ಟೋಪಿಯ ಕೆಳಗೆ ಕೊಕ್ಕು ಸ್ಪಷ್ಟವಾಗಿ ಕಾಣುತ್ತಿತ್ತು. ಕ್ಷೌರದ ಹರ್ಬ್‌ನ ಮೂಗಿನಿಂದ ಸೂಪು ಬಂತು.

ಮರ್ಲ್ ಎದ್ದ. ಕಿವಿಗಳು ಹೆಬ್ಬಾತಿನ ಕೋಟಿಗಿಂತ ಕೆಂಪಾಗಿದ್ದವು. "ತಪ್ಪಾಯ್ತು ಚೀಫ್. ನಿಜವಾದ ಹೈಡ್ರಂಟ್ ಅಲ್ಲೇ ಎಲ್ಲೋ ಇದೆ. ಈಗಲೇ ಹೋಗಿ ಬಿಡಿಸ್ತೀನಿ. ಸಲಿಕೆ ಗುಂಡಿಯಲ್ಲೇ ಇದೆ."

"ಕೂತ್ಕೋ," ಎಂದ ಚೀಫ್. ಕಂಪನಿಯ ದಿನಚರಿ ಪುಸ್ತಕ ತೆರೆದು ಓದಿದ: "ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಹಾಕನ್‌ಬೆರಿ ಮನೆಯ ಮುಂದೆ ಒಣಎಲೆಯ ರಾಶಿಯೊಳಗೆ ಇದ್ದ ಹೈಡ್ರಂಟಿಗೆ, ಗುರುತಿನ ಕೋಲು ಇಲ್ಲದ ಕಾರಣ, ಎಲೆ ಬಾಚುವ ಲಾರಿ ಹಿಂದಕ್ಕೆ ಬಂದು ಡಿಕ್ಕಿ ಹೊಡೆಯಿತು. ಹೈಡ್ರಂಟ್ ಮುರಿದಿದೆ. ನೀರಿನವರು ಕಿತ್ತುಕೊಂಡು ಹೋದರು. ಹೊಸದು ವಸಂತದಲ್ಲಿ."

ಸೂಪಿನ ಪಾತ್ರೆ ಮಾತ್ರ ಕೊತಕೊತ ಎನ್ನುತ್ತಿತ್ತು.

"ಅವತ್ತು ನಾವು ಆಲ್ಟೂನಾದಲ್ಲಿ ನಮ್ಮಕ್ಕನ ಮನೇಲಿದ್ವಿ!" ಎಂದಳು ಲುಯೆಲಾ.

"ಅಯ್ಯೋ ಹೌದಲ್ಲ!" ವರ್ನಾ ಹಣೆ ಚಚ್ಚಿಕೊಂಡಳು. "ಕೀಳೋಕೆ ಬಂದ ಹುಡುಗರಿಗೆ ನಾನೇ ಕಾಫಿ ಕೊಟ್ಟೆ! ಒಬ್ಬ ಮೂರು ಚಮಚ ಸಕ್ಕರೆ ಹಾಕ್ಕೊಂಡ!"

ಬ್ಯಾರಿ ಮೆಲ್ಲಗೆ ಹೇಳಿದ: "ಅದಕ್ಕೇ ಅಕ್ಟೋಬರಿಂದ ಡೀಕನ್ ನನ್ನ ಕಾರಿನ ಚಕ್ರಕ್ಕೆ..."

"ಕೋಲು ಏನಾಯ್ತು ಅಂತ ಯಾರಿಗಾದರೂ ಗೊತ್ತಾ?" ಚೀಫ್ ಯಾರನ್ನೂ ನೋಡದೆ ಕೇಳಿದ.

"ಬಾವುಟ ಇತ್ತಲ್ಲ, ಆ ಕೋಲಾ?" ಲುಯೆಲಾಳ ಮುಖ ಅರಳಿತು. "ನಮ್ಮ ಬೀನ್ಸ್‌ಗೆ ಎಷ್ಟು ಚೆನ್ನಾಗಿ ಬಂತು ಗೊತ್ತಾ! ನೀವೆಲ್ಲ ಈಗ ತಿಂತಾ ಇರೋದು ಅದೇ ಬೀನ್ಸೇ."

ಹತ್ತೊಂಬತ್ತು ಚಮಚಗಳು ಹತ್ತೊಂಬತ್ತು ಬಟ್ಟಲುಗಳಲ್ಲಿ ನಿಂತುಹೋದವು.

"ಜುಲೈನಲ್ಲಿ ನಿಮ್ಮ ಸಿಂಕ್ ರಿಪೇರಿಗೆ ಬಂದಾಗಲೇ ಅದನ್ನ ನೋಡಿದ್ದೆ ಮರ್ಲ್," ಎಂದ ಚೀಫ್. ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. "ನೀನೇ ಬಂದು ಹೇಳ್ತೀಯ ಅಂತ ಕಾದೆ. ಇವತ್ತು ಬೆಳಗ್ಗೆ ಕೂಡ ಬೇರೇನೂ ಕೇಳಲಿಲ್ಲ. ಎಂಟು ಗಂಟೆಗೆ ಫೋನ್ ಮಾಡಿ, 'ಚೀಫ್, ಇಲ್ಲಿ ಹೈಡ್ರಂಟೇ ಇಲ್ಲ' ಅಂದಿದ್ರೆ ಸಾಕಿತ್ತು. ಸೇರಿಸ್ಕೋಬೇಕು ಅಂತಲೇ ಇದ್ವಿ. ತಪ್ಪು ಎಲ್ಲರೂ ಮಾಡ್ತಾರೆ, ಹೋದ ವರ್ಷದ ಎಂಜಿನ್‌ನೂ ಮರೆತಿದ್ವಿ. ಆದರೆ ಮನೆ ಹತ್ತಿ ಉರೀತಿರುವಾಗ, ನೀರಿದೆ ಅಂತ ನೀನು ಸಹಿ ಹಾಕಿದ ಜಾಗಕ್ಕೆ ನಾವು ಪೈಪ್ ಎಳ್ಕೊಂಡು ಬಂದು ಹೆಬ್ಬಾತಿಗೆ ಜೋಡಿಸೋದಾ?"



ಮತವಾಯಿತು. ಚೀಫ್ ಪೆಟ್ಟಿಗೆ ಸುರಿದು ಎಣಿಸಿದ, ಹುಬ್ಬು ಗಂಟಿಕ್ಕಿ ಮತ್ತೆ ಎಣಿಸಿದ. ಇದ್ದವರು ಹತ್ತೊಂಬತ್ತು ಜನ. ಕರಿ ಗೋಲಿ ಇಪ್ಪತ್ತು.

"ಒಂದು ನಂದು," ಎಂದಳು ಲುಯೆಲಾ, ಬಟ್ಟಲು ಒರೆಸುತ್ತ. "ಪೆಟ್ಟಿಗೆ ನನ್ನ ಸೂಪಿನ ಪಕ್ಕದಲ್ಲೇ ಇತ್ತು. ನೀವೆಲ್ಲ ಹೂಂ ಅಂದುಬಿಟ್ರೆ ಏನು ಗತಿ ಅಂತ ಭಯ ಆಯ್ತು. ಹದಿನೈದು ನಿಮಿಷಕ್ಕೊಂದ್ಸಲ ಕೂರೋನಿಗೆ ಯಾವ ಬೆಂಕಿ ಕಾಯತ್ತೆ?"

ನಗು ಅಡಗಿದ ಮೇಲೆ ಹರ್ಬ್ ಎದ್ದ. ಅವನು ಇನ್ನೂ ಗೋಡೆಯ ಫೋಟೋವನ್ನೇ ನೋಡುತ್ತಿದ್ದ. "ಚೀಫ್, ಒಂದು ಜಾಗ ಖಾಲಿ ಉಳೀತಲ್ಲ. ಇವನನ್ನ ಯಾಕೆ ತಗೋಬಾರದು? ಮೈಮೇಲೆ ಯೂನಿಫಾರಂ ಇದೆ. ಮೂರು ಜನ ಎಳೆದ್ರೂ ಜಾಗ ಬಿಟ್ಟು ಕದಲಿಲ್ಲವಂತೆ. ಎರಡು ತಿಂಗಳು ಹಿಮದಲ್ಲಿ ನಿಂತು ಒಂದು ಮಾತು ದೂರಲಿಲ್ಲ. ಸುಳ್ಳಂತೂ ಹೇಳೋದೇ ಇಲ್ಲ."

"ಇವನಲ್ಲ, ಇವಳು," ಎಂದು ವರ್ನಾ ತಿದ್ದಿದಳು. ಅವಳೇ ಹೆಸರು ಸೂಚಿಸಿದಳು, ಬ್ಯಾರಿ ಅನುಮೋದಿಸಿದ. ಪೆಟ್ಟಿಗೆ ಮತ್ತೊಂದು ಸುತ್ತು ಹೋಯಿತು. ಹತ್ತೊಂಬತ್ತೂ ಬಿಳಿ.

ಹಾರೆಕೋಲು ಹಿಡಿದು ಆರು ಜನ ಹೋಗಿ ಹೆಬ್ಬಾತನ್ನು ಕಿತ್ತು ತಂದು ಫೈರ್ ಹಾಲ್‌ನ ಬಾಗಿಲ ಪಕ್ಕದಲ್ಲಿ ನಿಲ್ಲಿಸಿದರು. ಅದು ಬಿಟ್ಟುಬಂದ ಗುಂಡಿಯಲ್ಲಿ, ಅವರು ಬೀದಿ ತಿರುಗುವುದರೊಳಗೆ, ಎದುರುಮನೆಯವರ ಕುರ್ಚಿ ಬಂದು ಕೂತಿತು. ಬೀದಿ ಬಾಚುವವರಿಗೆ ಅಡ್ಡವಾಗದಿರಲೆಂದು ಹಿಂದಿನ ದಿನ ಮರ್ಲ್ ತನ್ನ ಕಾರನ್ನು ಹಾಲ್‌ನ ಅಂಗಳದಲ್ಲಿ ನಿಲ್ಲಿಸಿದ್ದ. ಮನೆಯ ಮುಂದೆ ಅವನೇ ಬಾಚಿದ ಮೂರು ಜಾಗಗಳಿದ್ದವು, ಮೂರು ಕುರ್ಚಿಗಳೂ ಇದ್ದವು; ಕಾರು ಅಂಗಳದಲ್ಲೇ ಉಳಿಯಿತು.

"ಹೇಗೂ ದಿನಾ ಕಾರಿಗೆ ಅಂತ ಇಲ್ಲಿಗೆ ಬರ್ತೀಯಲ್ಲ," ಎಂದ ಚೀಫ್, ಹೆಲ್ಮೆಟ್ ತೆಗೆದು, ಮತ್ತೆ ಹಳೆಯ ಡ್ವೇನ್ ಆಗಿ. "ಸಲಿಕೆ ತಗೊಂಡು ಬಾ. ಅವಳ ಸುತ್ತ ಹಿಮ ಬಿಡಿಸ್ತಾ ಇರು. ಎಷ್ಟು ಅಂತ ನಿನಗೆ ಗೊತ್ತಲ್ಲ."

ಮಂಗಳವಾರ ಮತ್ತೆ ಹಿಮ ಬಿತ್ತು. ಮರ್ಲ್ ಹೆಬ್ಬಾತಿನ ಸುತ್ತ ಮೂರನೆಯ ಕಡೆ ಮುಗಿಸಿ ನಾಲ್ಕನೆಯದಕ್ಕೆ ಬಂದಿದ್ದ, ತಲೆಯ ಮೇಲೆ ಸೈರನ್ ಕೂಗಿತು. ಎಲ್ಲ ಕಡೆಯಿಂದ ಗಂಡಸರು ಓಡಿಬಂದರು. ಹರ್ಬ್, ಅವನ ಹಿಂದೆ ಅರ್ಧ ತಲೆಯ ಗಿರಾಕಿ. ಎಂಜಿನ್ ಗುಡುಗುತ್ತ ಹೊರಟಾಗ ಹರ್ಬ್ ಹಿಂದಿನ ಮೆಟ್ಟಿಲಿನಿಂದ ಕೂಗಿದ: "ಮರ್ಲ್! ಅವಳ ಟೋಪಿ!"

ಮರ್ಲ್ ಒಳಗೆ ಹೋದ. ತಾತನ ಹೆಲ್ಮೆಟ್, ಅಪ್ಪನ ಹೆಲ್ಮೆಟ್, ಅದರ ಪಕ್ಕದ ಮೂರನೆಯ ಮೊಳೆಯಲ್ಲಿ ಒಣಗಲು ಹಾಕಿದ್ದ ಪುಟ್ಟ ಕೆಂಪು ಟೋಪಿ. ತೆಗೆದುಕೊಂಡು ಬಂದು ಹೆಬ್ಬಾತಿನ ತಲೆಗಿಟ್ಟು, ಕೊಕ್ಕಿನ ಕೆಳಗೆ ಗಂಟು ಬಿಗಿದ.

ಅವನ ತಲೆಗೆ ಅದು ಹಿಡಿಸುತ್ತಿರಲಿಲ್ಲ. ಸೋಮವಾರ ಯಾರೂ ಇಲ್ಲದಾಗ ಹಾಕಿ ನೋಡಿದ್ದ.